ಬಾಗಿಲಿಗೆ ಅಡ್ಡ ಮಲಗುವ ಕೆಲಸ

ಅವಳ ಕೆಲಸ ಮಲಗುವುದು. ಹೀಗೆಂದರೆ ನಗುವವರು ಇದ್ದೇ ಇರುತ್ತಾರೆ. ನಕ್ಕು ಮುಗಿಸಿ, ಆಮೇಲೆ ಕೇಳಿ.

ದೊಡ್ಡ ಅಂಗಡಿ, ಬ್ಯಾಂಕು, ಆಸ್ಪತ್ರೆಗಳಲ್ಲಿ ತಾವಾಗಿಯೇ ಸರಿಯುವ ಗಾಜಿನ ಬಾಗಿಲುಗಳಿರುತ್ತವಲ್ಲ, ಅವನ್ನು ಕೂರಿಸುವ ಕಂಪನಿಯಲ್ಲಿ ಅವಳು ಆರು ವರ್ಷದಿಂದ ಹೆಲ್ಪರ್. ಬಾಗಿಲು ಕೂರಿಸಿದ ಮೇಲೆ ಅದಕ್ಕೆ ಮನುಷ್ಯರು ಕಾಣುತ್ತಾರೋ ಇಲ್ಲವೋ ಎಂದು ಪರೀಕ್ಷಿಸಬೇಕು. ಅದಕ್ಕೆ ಎರಡು ಕಣ್ಣು. ನಡೆದು ಬರುವವರನ್ನು ನೋಡುವುದು ಒಂದು. ಬಾಗಿಲ ನಡುವೆ ನಿಂತವರನ್ನು, ಕೂತವರನ್ನು, ಬಿದ್ದವರನ್ನು ನೋಡುವುದು ಇನ್ನೊಂದು. ಎರಡಕ್ಕೂ ಸೆನ್ಸರ್ ಎಂದೇ ಹೆಸರು. ಮೊದಲನೆಯದನ್ನು ಪರೀಕ್ಷಿಸಲು ಒಂದು ಸುತ್ತು ನಡೆದರಾಯಿತು. ಎರಡನೆಯದಕ್ಕೆ ಯಾರಾದರೂ ಎರಡು ಗಾಜುಗಳ ನಡುವೆ, ನೆಲದ ಹಳಿಯ ಮೇಲೆ ಅಡ್ಡ ಮಲಗಬೇಕು. ಗಾಜು ನಿಲ್ಲುತ್ತದೋ, ಮೈಮೇಲೆ ಬರುತ್ತದೋ ನೋಡಬೇಕು. ಟೆಕ್ನೀಷಿಯನ್ನುಗಳ ಪ್ಯಾಂಟು ಕೊಳೆಯಾಗಬಾರದಲ್ಲ. ಅವಳು ಮಲಗುತ್ತಿದ್ದಳು.

ಮಲಗುವುದಕ್ಕೆ ಮುಂಚೆ ಬೇರೆ ಕೆಲಸವೂ ಅವಳದೇ. ಹಳಿ ಕೂರಿಸಲು ಉಳಿ ಸುತ್ತಿಗೆ ಹಿಡಿದು ನೆಲ ಕೆತ್ತಬೇಕು. ಕಲ್ಲಿನ ಪುಡಿ ಮೂಗಿಗೆ, ಬಾಯಿಗೆ, ಅನ್ನಕ್ಕೆ. ಅವಳಿಗಿಂತ ತೂಕದ ಗಾಜನ್ನು ಲಾರಿಯಿಂದ ಇಳಿಸಿ, ಭುಜಕ್ಕೆ ಆನಿಸಿಕೊಂಡು ಮೆಟ್ಟಿಲು ಹತ್ತಿಸಬೇಕು. ಏಣಿ ಹಿಡಿಯಬೇಕು. ಏಣಿಯ ಮೇಲಿನವನು ಬೀಳಿಸಿದ ಸ್ಕ್ರೂ ಹುಡುಕಬೇಕು. ಎಲ್ಲ ಮುಗಿದು, ಮಾಲೀಕರು ಬಟ್ಟೆ ಮಾಸದಷ್ಟು ದೂರದಲ್ಲಿ ಬಂದು ನಿಂತ ಮೇಲೆ, ಅವರೆಲ್ಲರ ಮುಂದೆ ಮಲಗಬೇಕು.

"ಎಡಕ್ಕೆ ಹೊರಳು. ಹಾಂ, ಈಗ ಮುದುಡಿಕೋ, ಮಗು ಥರ. ನೋಡಿದ್ರಾ ಸರ್, ಎಷ್ಟು ಸೇಫ್" ಎನ್ನುತ್ತಿದ್ದ ಟೆಕ್ನೀಷಿಯನ್.

ಒಂದು ಬ್ಯಾಂಕಿನಲ್ಲಿ ಯಾರೋ ದೊಡ್ಡ ಮನುಷ್ಯ ಫೋನಿನಲ್ಲಿ ಮಾತಾಡುತ್ತ ಅವಳನ್ನು ದಾಟಿಕೊಂಡೇ ಒಳಗೆ ಹೋದ. ಬೂಟು ಅವಳ ಕಿವಿಗೆ ತಾಗಿತು. ಮಾತು ನಿಲ್ಲಿಸಲಿಲ್ಲ ಪುಣ್ಯಾತ್ಮ. ಇನ್ನೊಂದು ಅಂಗಡಿಯಲ್ಲಿ ಮಾಲೀಕನ ಹೆಂಡತಿ ಅವಳು ಮಲಗಿದ್ದನ್ನು ವಿಡಿಯೊ ಮಾಡಿಕೊಂಡು, "ಪಾಪ, ಅಭ್ಯಾಸ ಆಗಿರುತ್ತೆ ಇವರಿಗೆಲ್ಲ" ಎಂದಳು. ಮಲಗಿದವಳಿಗೂ ಹೆತ್ತವರು ಇಟ್ಟ ಹೆಸರೊಂದಿತ್ತು. ಯಾರಿಗೆ ಬೇಕು? ಕಂಪನಿಯಲ್ಲಿ ಎಲ್ಲರೂ ಡಮ್ಮಿ ಎಂದೇ ಕರೆಯುತ್ತಿದ್ದರು.

ಕಂಪನಿಗೆ ಒಂದು ತರಬೇತಿ ಕೇಂದ್ರವಿತ್ತು. ಉದ್ದನೆಯ ಶೆಡ್ಡು, ಒಳಗೆ ಸಾಲಾಗಿ ಆರು ಬಾಗಿಲು. ಸುತ್ತ ಗೋಡೆಯಿಲ್ಲ, ಆಚೆ ಕೋಣೆಯಿಲ್ಲ, ಬರೀ ಚೌಕಟ್ಟು. ನಡುವೆ ಹಾದು ಹೋದರೆ ಎಲ್ಲಿದ್ದಿರೋ ಅಲ್ಲೇ ಇರುತ್ತೀರಿ. ಹನ್ನೆರಡು ಜನರ ಬ್ಯಾಚು, ಮೂರು ವಾರ ಪಾಠ, ಕೊನೆಗೆ ಪರೀಕ್ಷೆ. ಪಾಸಾದವರಿಗೆ ಕೊರಳಿಗೆ ಹಾಕಿಕೊಳ್ಳುವ ಕಾರ್ಡು. ಬಾಗಿಲ ಮೇಲಿನ ಉದ್ದ ಮುಚ್ಚಳ ತೆಗೆದು ಮೋಟಾರು, ಬೆಲ್ಟು, ಸೆನ್ಸರ್ ಮುಟ್ಟುವ ಹಕ್ಕು ಕಾರ್ಡಿದ್ದವನಿಗೆ ಮಾತ್ರ. ಬಾಗಿಲು ಸರಿಯಿದೆ, ಸರಿಯಿಲ್ಲ ಎಂದು ವರದಿ ಬರೆಯುವ ಹಕ್ಕೂ ಅವನಿಗೇ.

ಪಾಠ ಹೇಳುವವನಿಗೆ ಮಿಲಿಮೀಟರ್ ಎಂದು ಅಡ್ಡಹೆಸರು. "ಇದು ಮಿಲಿಮೀಟರ್ ಕೆಲಸ ಕಣ್ರಪ್ಪ, ಮೂಟೆ ಹೊರೋ ಕೆಲಸ ಅಲ್ಲ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ಅವನೇನೂ ಕೆಟ್ಟ ಮನುಷ್ಯನಲ್ಲ ಎನ್ನುವವರು ಇದ್ದರು. ಕೆಟ್ಟವನಾಗುವುದಕ್ಕೂ ಒಂದಷ್ಟು ಶ್ರಮ ಬೇಕು. ಅವನಿಗೆ ಅಷ್ಟೂ ಇರಲಿಲ್ಲ. ಒಂದು ಬಾಗಿಲ ಪರೀಕ್ಷೆಗೆ ಎರಡು ನಿಮಿಷಕ್ಕಿಂತ ಹೆಚ್ಚು ಅವನು ಕೊಟ್ಟಿದ್ದನ್ನು ಕಂಡವರಿಲ್ಲ.

ಅವಳು ಮೂರು ಬ್ಯಾಚಿಗೆ ಅರ್ಜಿ ಹಾಕಿದ್ದಳು. ಮೂರು ಸಲವೂ ತರಗತಿಯ ಒಳಗೆ ಕರೆದರು, ಮಲಗುವುದಕ್ಕೆ. "ಮುಂದಿನ ಬ್ಯಾಚಿಗೆ ನೋಡೋಣ" ಎಂದ ಮಿಲಿಮೀಟರ್, ಮೂರು ಸಲವೂ ಅದೇ ಮುಖ ಹೊತ್ತು. ಆದರೆ ನೆಲದ ಮೇಲೆ ಮಲಗಿದವಳ ಕಿವಿಯನ್ನು ಯಾರು ಮುಚ್ಚುತ್ತಾರೆ? ಬೆಲ್ಟು ಸಡಿಲವಾದರೆ ಗಾಜು ಹೊರಡುವಾಗಲೇ ಸಣ್ಣಗೆ ನಡುಗುತ್ತದೆ, ಉರುಳೆ ಸವೆದರೆ ಒಂದೇ ಜಾಗದಲ್ಲಿ ಟಕ್ ಎನ್ನುತ್ತದೆ, ಹಳಿ ಮಟ್ಟ ತಪ್ಪಿದರೆ ಗಾಜು ಕೊನೆಯಲ್ಲಿ ಉಸಿರು ಎಳೆದ ಹಾಗೆ ಕೇಳುತ್ತದೆ. ಇದೆಲ್ಲ ಅವಳಿಗೆ ಗೊತ್ತು. ಮಿಲಿಮೀಟರ್ ಚಹಾಕ್ಕೆ ಹೋದಾಗ ಕಲಿಯಲು ಬಂದವರು ಅವಳ ಸುತ್ತ ಸೇರುತ್ತಿದ್ದರು.

"ಅಕ್ಕ, ಇದು ಯಾಕೆ ಹೀಗೆ ಚೀರ್ತಿದೆ?" ಎಂದು ಕೇಳುತ್ತಿದ್ದ ಕನ್ನಡಕ ಹಾಕಿದವನೊಬ್ಬ.

"ಬೆಲ್ಟ್ ಜಾಸ್ತಿ ಬಿಗಿದಿದೀಯ. ಅರ್ಧ ಸುತ್ತು ಬಿಡು."

ಬಿಟ್ಟರೆ ಚೀರುವುದು ನಿಲ್ಲುತ್ತಿತ್ತು. ಮಿಲಿಮೀಟರ್ ಒಳಗೆ ಬಂದ ಕೂಡಲೇ ಅಕ್ಕ ಹೋಗಿ ಡಮ್ಮಿ ಬರುತ್ತಿದ್ದಳು.

ಇಷ್ಟೇ ಆಗಿದ್ದರೆ ಅವಳು ಇನ್ನೂ ಆರು ವರ್ಷ ಮಲಗುತ್ತಿದ್ದಳೇನೋ. ಅಮ್ಮನ ಕೈ ಮುರಿಯಿತು.

ಅಮ್ಮ ಆಸ್ಪತ್ರೆಯೊಂದರಲ್ಲಿ ಕಸ ಗುಡಿಸಿ ನೆಲ ಒರೆಸುವವಳು. ಮುಂಬಾಗಿಲ ಹಳಿಯಲ್ಲಿ ಕಟ್ಟಿಕೊಳ್ಳುವ ಕೊಳೆಯನ್ನು ಬೆಳಿಗ್ಗೆ ಬೆಳಿಗ್ಗೆ ಬ್ರಷ್ಷಿನಿಂದ ಕೆರೆದು ತೆಗೆಯುವುದೂ ಅವಳ ಪಾಲಿಗೇ. ನೆಲಕ್ಕೆ ಕರಿಕಲ್ಲು ಹಾಸಿದೆ. ಅಮ್ಮನ ಸಮವಸ್ತ್ರವೂ ಕಪ್ಪು, ಕೊಳೆ ಕಾಣದಿರಲಿ ಎಂದು ಆಸ್ಪತ್ರೆಯವರೇ ಆರಿಸಿದ ಬಣ್ಣ. ಕುಕ್ಕರಗಾಲಲ್ಲಿ ಕೂತು ಕೆರೆಯುತ್ತಿದ್ದಳು. ಗಾಜು ಬಂತು. ನಿಲ್ಲಲಿಲ್ಲ. ಮಣಿಕಟ್ಟಿನ ಮೂಳೆ ಎರಡು ಕಡೆ ಮುರಿಯಿತು. ಅದೇ ಆಸ್ಪತ್ರೆಯಲ್ಲಿ ಪಟ್ಟಿ ಹಾಕಿಸಿಕೊಂಡು ಬಂದಳು.

ಬಾಗಿಲು ಮಗಳ ಕಂಪನಿಯದೇ. ಮಿಲಿಮೀಟರೇ ಹೋಗಿ ನೋಡಿ ವರದಿ ಬರೆದ: ಬಾಗಿಲು ಸುಸ್ಥಿತಿಯಲ್ಲಿದೆ, ಸಿಬ್ಬಂದಿಯ ಅಜಾಗರೂಕತೆ. ಆಸ್ಪತ್ರೆಯ ಮೇಲ್ವಿಚಾರಕ ಅದೇ ಸಾಲನ್ನು ಇನ್ನೊಂದು ಹಾಳೆಗೆ ಇಳಿಸಿ, ಕೆಳಗೆ ಸಹಿ ಹಾಕಿ, ಅಮ್ಮನನ್ನು ಕೆಲಸದಿಂದ ತೆಗೆದ. ಹತ್ತೊಂಬತ್ತು ವರ್ಷ ಆ ನೆಲ ಒರೆಸಿದ್ದವಳು.

ಎರಡು ವರ್ಷದ ಹಿಂದೆ ಆ ಬಾಗಿಲಿಗೆ ಅಡ್ಡ ಮಲಗಿದ್ದವಳು ಮಗಳೇ. ಅದೇ ಕರಿಕಲ್ಲು, ಅದೇ ಹಳಿ. ಗಾಜು ಅವಳನ್ನು ನೋಡಿ ನಿಂತಿತ್ತು. ಮನೆಯಲ್ಲಿ ಅಮ್ಮ ಒಂದೇ ಕೈಯಲ್ಲಿ ಬಟ್ಟೆ ಹಿಂಡಲು ಹೆಣಗುತ್ತ, ಅದನ್ನೇ ತಿರುಗಿಸಿ ಮುರುಗಿಸಿ ಕೇಳುತ್ತಿದ್ದಳು.

"ನೀನು ಮಲಗಿದಾಗ ನಿಂತಿತ್ತು ಅಂತೀಯಲ್ಲ?"

"ನಿಂತಿತ್ತಮ್ಮ."

"ಚೆನ್ನಾಗಿ ನೆನಪಿದೆಯಾ?"

"ಇದೆ. ಇಲ್ಲಿ ತನಕ ಬಂದು ನಿಂತಿತ್ತು."

"ಹಾಗಾದ್ರೆ ನಂದೇ ತಪ್ಪು ಇರಬೇಕು ಬಿಡು. ವಯಸ್ಸಾಯ್ತು ನೋಡು, ಕೈ ಎಲ್ಲಿಡ್ತೀನಿ ಅಂತ ಗೊತ್ತಾಗಲ್ಲ."

ಮುರಿದ ಮೂಳೆ ಕೂಡಿಕೊಳ್ಳುತ್ತದೆ. ಯಾವನೋ ಎರಡು ನಿಮಿಷದಲ್ಲಿ ಬರೆದ ಒಂದು ಸಾಲನ್ನು ಅಮ್ಮ ನಂಬಿಬಿಟ್ಟಿದ್ದಳು. ಲೋಟ ಎತ್ತುವಾಗಲೂ ತನ್ನ ಕೈಯನ್ನು ತಾನೇ ಅನುಮಾನದಿಂದ ನೋಡುತ್ತಿದ್ದಳು. ಆ ಸಾಲನ್ನು ಅಳಿಸಬೇಕಾದರೆ ಬೇರೆ ವರದಿ ಬೇಕು. ವರದಿ ಬರೆಯಲು ಕಾರ್ಡು ಬೇಕು. ಅವಳು ನಾಲ್ಕನೆಯ ಅರ್ಜಿ ಹಾಕಿದಳು.

ತನ್ನನ್ನು ನೋಡಿದ ಬಾಗಿಲು ಅಮ್ಮನನ್ನು ಯಾಕೆ ನೋಡಲಿಲ್ಲ ಎಂಬುದು ತಿಳಿದದ್ದು ಮಿಲಿಮೀಟರನ ಕೋಣೆ ಗುಡಿಸುವಾಗ. ಅಲ್ಲಿ ಒಂದೂವರೆ ಮೊಳ ಉದ್ದದ ಮರದ ಪೆಟ್ಟಿಗೆಯೊಂದಿತ್ತು. ಮೇಲೆ ಚಹಾದ ತಟ್ಟೆ, ಬಿಸ್ಕತ್ತಿನ ಚೂರು. ಮಧ್ಯಾಹ್ನ ಅದರ ಮೇಲೆ ಕಾಲು ಚಾಚಿ ಅವನು ಕಣ್ಣು ಮುಚ್ಚುತ್ತಿದ್ದ. ಅದರ ಮೂರು ಮೈ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು, ಮೂರು ಮೈ ಮಸಿ ಬಳಿದಂತೆ ಕಪ್ಪು. ಆ ದಿನ ಕಸದ ಬುಟ್ಟಿಯಲ್ಲಿ ಬಾಗಿಲ ಕೈಪಿಡಿಯೊಂದು ಬಿದ್ದಿತ್ತು. ಎತ್ತಿ ತಿರುವಿದರೆ ಅದೇ ಪೆಟ್ಟಿಗೆಯ ಚಿತ್ರ. ಸೆನ್ಸರ್ ಪರೀಕ್ಷಿಸಲು ಇದನ್ನು ಹಳಿಯ ಮೇಲೆ ಇಡಿ, ಮೊದಲು ಹೊಳೆಯುವ ಮೈ ಮೇಲೆ ಮಾಡಿ, ನಂತರ ಕಪ್ಪು ಮೈ. ಕಪ್ಪು ನೆಲದ ಮೇಲಿನ ಕಪ್ಪು ಸೆನ್ಸರಿಗೆ ಸುಲಭಕ್ಕೆ ಕಾಣದು, ಕಪ್ಪಿಗೂ ಬಾಗಿಲು ನಿಲ್ಲುವವರೆಗೆ ಸೆನ್ಸರ್ ತಿರುಗಿಸುತ್ತಿರಿ. ಮನುಷ್ಯರನ್ನು ಬಳಸಬೇಡಿ.

ಅವಳು ತನ್ನ ಮೈ ನೋಡಿಕೊಂಡಳು. ಕಂಪನಿಯ ಕಿತ್ತಳೆ ಜಾಕೆಟ್ಟು. ಎದೆಗೆ, ಬೆನ್ನಿಗೆ, ತೋಳಿಗೆ ಥಳಥಳ ಹೊಳೆಯುವ ಪಟ್ಟಿಗಳು.

ಎಲ್ಲರೂ ಊಟಕ್ಕೆ ಹೋದಾಗ ಮೊದಲ ಬಾಗಿಲಿಗೆ ಹೋದಳು. ನೆಲಕ್ಕೆ ಕಪ್ಪು ರಬ್ಬರು ಹಾಸಿತ್ತು. ಜಾಕೆಟ್ಟು ಹಾಕಿಕೊಂಡು ಅಡ್ಡ ಮಲಗಿದಳು. ಗಾಜು ಬರಲೇ ಇಲ್ಲ. ಜಾಕೆಟ್ಟು ಬಿಚ್ಚಿಟ್ಟು, ಒಳಗಿನ ಕಪ್ಪು ಅಂಗಿಯಲ್ಲಿ ಮಲಗಿದಳು. ಗಾಜು ಬಂದು ಭುಜಕ್ಕೆ ಬಡಿಯಿತು. ಹಿಂದೆ ಹೋಗಿ, ಮತ್ತೆ ಬಂದು, ಅದೇ ಜಾಗಕ್ಕೆ ಬಡಿಯಿತು. ಹಲ್ಲು ಕಚ್ಚಿ ಇನ್ನೊಂದು ಸಲ ಮಲಗಿದಳು, ಖಾತ್ರಿಯಾಗಲಿ ಎಂದು. ಆರು ವರ್ಷ ಊರೆಲ್ಲ ಸುತ್ತಿ ಅವಳು ಪಾಸು ಮಾಡಿಸಿದ ಬಾಗಿಲುಗಳು ಜಾಕೆಟ್ಟಿನ ಪಟ್ಟಿಯನ್ನು ನೋಡಿ ನಿಂತಿದ್ದವು. ಅಮ್ಮನ ಬಾಗಿಲೂ ಹಾಗೆಯೇ. ಅವಳು ಹೊರಗೆ ಹೋಗಿ ನಲ್ಲಿಯ ಕೆಳಗೆ ಮುಖ ಒಡ್ಡಿ ನಿಂತಳು.

ಮಿಲಿಮೀಟರ್ ಬಂದ ಮೇಲೆ ಕೇಳಿದಳು. "ಸರ್, ಆ ಪೆಟ್ಟಿಗೆ ಯಾಕೆ ಬಳಸಲ್ಲ?"

ಅವನು ಮೊದಲು ತನ್ನ ಕೋಣೆಯ ಬಾಗಿಲು ಹಾಕಿದ. ಆಮೇಲೆ ನಕ್ಕ.

"ಅದನ್ನ ಹೊರೋರ್ಯಾರು? ಕಪ್ಪು ಮೈ ಇಟ್ಟರೆ ಸೆನ್ಸರ್ ತಿರುಗಿಸಿ ತಿರುಗಿಸಿ ಅರ್ಧ ದಿನ ಹಾಳು. ನೀನಾದರೆ ನಡ್ಕೊಂಡು ಬರ್ತೀಯ, ಮಲಗ್ತೀಯ, ಎದ್ದು ಹೋಗ್ತೀಯ. ಪೆಟ್ಟಿಗೆ ಎದ್ದು ಹೋಗುತ್ತಾ?"

"ನಮ್ಮಮ್ಮನ ಕೈ ಹೋಯ್ತಲ್ಲ ಸರ್."

"ನೋಡು, ಈ ಸಲ ನಿನ್ನನ್ನ ಪರೀಕ್ಷೆಗೆ ಕೂರಿಸ್ತೀನಿ. ಹದಿಮೂರನೆಯವಳು ನೀನು. ಕಾರ್ಡು ಸಿಗುತ್ತೆ. ಅಲ್ಲಿವರೆಗೆ ಬಾಯಿ ಮುಚ್ಕೊಂಡಿರು."

ಇಲ್ಲಿ ಅವಳನ್ನು ಮೆಚ್ಚಲು ಹೊರಟವರು ಸ್ವಲ್ಪ ತಡೆಯಿರಿ. ಅವಳು ಬಾಯಿ ಮುಚ್ಚಿಕೊಂಡಳು. ಹತ್ತು ದಿನ. ಕಾರ್ಡು ಬಂದರೆ ಆಸ್ಪತ್ರೆಗೆ ನೆಟ್ಟಗೆ ಹೋಗಿ, ಮುಚ್ಚಳ ಬಿಚ್ಚಿ, ತಾನೇ ವರದಿ ಬರೆಯಬಹುದು ಎಂದು ಲೆಕ್ಕ ಹಾಕಿದಳು. ಆ ಹತ್ತು ದಿನದಲ್ಲಿ ಕಂಪನಿ ಒಂದು ಶಾಲೆಗೆ ಬಾಗಿಲು ಕೂರಿಸಿತು. ಅಲ್ಲಿಯೂ ಜಾಕೆಟ್ಟು ಹಾಕಿಕೊಂಡು ಮಲಗಿದಳು. ಗಾಜು ನಿಂತಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಆ ರಾತ್ರಿ ಅವಳು ಊಟದ ತಟ್ಟೆಯನ್ನು ಮುಟ್ಟದೆ ಸರಿಸಿದಳು.

ಪರೀಕ್ಷೆಯ ದಿನ ಅವಳು ತಲೆ ಬಾಚಿ, ಸಲಕರಣೆಯ ಚೀಲ ಹೆಗಲಿಗೆ ಹಾಕಿಕೊಂಡು ಹೋದಳು. ಸ್ಕ್ರೂಡ್ರೈವರ್, ಅಲೆನ್ ಕೀ, ಅಳತೆ ಟೇಪು, ರಸಮಟ್ಟ, ಎಲ್ಲ ಒರೆಸಿ ಇಟ್ಟುಕೊಂಡಿದ್ದಳು. ಹೊರಗಿನಿಂದ ಬಂದ ಪರೀಕ್ಷಕ ಮೇಜಿನ ಹಿಂದೆ ಫೈಲು ಹರಡಿಕೊಂಡು ಕೂತಿದ್ದ. ಗಡಿಯಾರ ನೋಡುವುದೇ ಅವನ ಮುಖ್ಯ ಉದ್ಯೋಗವೆಂಬಂತೆ ಕಾಣುತ್ತಿತ್ತು. ಕನ್ನಡಕದವನ ಸರದಿ ಮೊದಲು. ಬೆಲ್ಟು ಬಿಗಿದ, ಗಾಜಿನ ಮಟ್ಟ ನೋಡಿದ, ಮುಚ್ಚಳ ಹಾಕಿದ, ಏಣಿ ಇಳಿದ. ಮಿಲಿಮೀಟರ್ ಚಿಟಿಕೆ ಹೊಡೆದ.

"ಡಮ್ಮಿ."

ಅವಳು ಕದಲಲಿಲ್ಲ.

"ಏಯ್, ಬಾ, ಮಲಗು."

"ನಾನೂ ಪರೀಕ್ಷೆಗೆ ಬಂದಿದೀನಿ ಸರ್. ಹದಿಮೂರನೆಯವಳು."

ಪರೀಕ್ಷಕ ಪಟ್ಟಿ ನೋಡಿದ. "ಹನ್ನೆರಡೇ ಇದೆಯಲ್ಲ ಇಲ್ಲಿ."

ಮಿಲಿಮೀಟರ್ ಅವಳ ಹತ್ತಿರ ಬಂದು ದನಿ ತಗ್ಗಿಸಿದ. "ಬುದ್ಧಿ ಇದೆಯಾ ನಿನಗೆ? ನೀನೇ ಪರೀಕ್ಷೆಗೆ ಕೂತ್ರೆ ಮಲಗೋರ್ಯಾರು? ಮುಂದಿನ ಬ್ಯಾಚಿಗೆ ನೋಡೋಣ. ಈಗ ಮಾನ ಕಳೀಬೇಡ, ಮಲಗು."

"ಮಲಗಲ್ಲ."

ಆರು ವರ್ಷದಲ್ಲಿ ಆ ಶೆಡ್ಡಿನಲ್ಲಿ ಆ ಮಾತು ಯಾರೂ ಆಡಿರಲಿಲ್ಲ. ಅವಳು ಜಾಕೆಟ್ಟಿನ ಗುಂಡಿ ಬಿಚ್ಚಿ, ತೆಗೆದು, ಏಣಿಗೆ ನೇತುಹಾಕಿದಳು.

"ಬಾಗಿಲು ಕೂರಿಸಿದೋರು ಮಲಗಲಿ. ಜಾಕೆಟ್ ಇಲ್ದೆ ಮಲಗಲಿ. ಏನಪ್ಪಾ, ಮಲಗ್ತೀಯಾ?"

ಕನ್ನಡಕದವನು ತನ್ನ ಕಪ್ಪು ಪ್ಯಾಂಟು ನೋಡಿಕೊಂಡ, ಗಾಜು ನೋಡಿದ, ಹಿಂದಕ್ಕೆ ಸರಿದ. ಅವಳು ಉಳಿದ ಹನ್ನೊಂದು ಜನರ ಕಡೆ ತಿರುಗಿದಳು. ಒಬ್ಬ ಬೂಟಿನ ದಾರ ಕಟ್ಟಲು ಬಗ್ಗಿದ. ಒಬ್ಬನಿಗೆ ಕೆಮ್ಮು ಬಂತು. ಮನುಷ್ಯರ ಸುರಕ್ಷತೆ ಎಂದು ಮೂರು ವಾರ ಬರೆದುಕೊಂಡವರು, ಅಷ್ಟೂ ಜನ ಶೆಡ್ಡಿನ ಗೋಡೆಗೆ ಅಂಟಿಕೊಂಡರು.

"ನೀವು ಮಲಗ್ತೀರಾ ಸರ್?" ಎಂದಳು ಮಿಲಿಮೀಟರನಿಗೆ.

"ಹೊರಗೆ ನಡಿ."

ಹೊರಗೆ ನಡೆಯುವ ಬದಲು ಅವಳು ಅವನ ಕೋಣೆಗೆ ನಡೆದಳು. ಚಹಾದ ತಟ್ಟೆಯನ್ನು ಕುರ್ಚಿಯ ಮೇಲಿಟ್ಟಳು. ಪೆಟ್ಟಿಗೆ ಎಳೆದು ತಂದು, ಮೊದಲ ಬಾಗಿಲ ಹಳಿಯ ಮೇಲೆ ಕಪ್ಪು ಮೈ ಮೇಲಾಗಿ ಇಟ್ಟಳು. ದೂರ ಸರಿದು ನಿಂತಳು. ಗಾಜು ಹೊರಟಿತು, ದಢಾರೆಂದು ಬಡಿಯಿತು. ಹಿಂದೆ ಹೋಗಿ ಮತ್ತೆ ಬಡಿಯಿತು. ಪರೀಕ್ಷಕ ಕುರ್ಚಿಯಿಂದ ಅರ್ಧ ಎದ್ದ.

"ಅದು ಪೆಟ್ಟಿಗೆ ಸರ್, ಮನುಷ್ಯ ಅಲ್ಲ, ಅದಕ್ಕೆ ಹಾಗೆ" ಎಂದ ಮಿಲಿಮೀಟರ್ ಪರೀಕ್ಷಕನ ಕಡೆ ತಿರುಗಿ.

"ನಾನೂ ಆರು ವರ್ಷ ಪೆಟ್ಟಿಗೆ ಕೆಲಸಾನೇ ಮಾಡಿದ್ದು" ಎಂದಳು ಅವಳು. "ನಿಮ್ಮ ಫಾರಂ ನೋಡಿ ಸರ್, ಏನು ಬರೆದಿದೆ ಅಂತ."

ಪರೀಕ್ಷಕನ ಕೈಯಲ್ಲಿದ್ದ ಫಾರಂನಲ್ಲಿ ಪರೀಕ್ಷಾ ವಸ್ತು ಎಂಬ ಕಡೆ ಟೈಪಾಗಿತ್ತು: ಹೆಲ್ಪರ್, ಒಂದು. ಅವನು ಅದನ್ನು ಓದಿದ. ಓದಿ ಫೈಲು ಮುಚ್ಚಿದ. "ಪರೀಕ್ಷೆ ಇವತ್ತು ಬೇಡ. ನೀವು ನೀವು ಬಗೆಹರಿಸಿಕೊಳ್ಳಿ" ಎಂದ. ಎಷ್ಟು ನ್ಯಾಯವಂತ ನೋಡಿ. ಬಡಿದದ್ದು ಕಣ್ಣಾರೆ ಕಂಡರೂ ಅವನಿಗೆ ಬರೆಯಲು ಏನೂ ಸಿಗಲಿಲ್ಲ.

"ನಿನ್ನ ಕೆಲಸ ಹೋಯ್ತು, ತಿಳ್ಕೋ" ಎಂದ ಮಿಲಿಮೀಟರ್. "ಕಾರ್ಡಿನ ಮುಖ ಈ ಜನ್ಮದಲ್ಲಿ ನೋಡಲ್ಲ ನೀನು."

"ಹೋಗಲಿ. ಮಲಗೋ ಕೆಲಸ ತಾನೇ."

ಪೆಟ್ಟಿಗೆಯನ್ನು ಎತ್ತಿ ತಲೆಯ ಮೇಲಿಟ್ಟುಕೊಂಡಳು. ತಡೆಯಲು ಯಾರೂ ಬರಲಿಲ್ಲ, ಕೈ ಕೊಡಲೂ ಬರಲಿಲ್ಲ. ಬಿಸಿಲಿನಲ್ಲಿ ಎರಡು ಬಸ್ಸು ಬದಲಾಯಿಸಿದಳು. ಒಬ್ಬ ಕಂಡಕ್ಟರ್ ಪೆಟ್ಟಿಗೆಯನ್ನು ಇಳಿಸೆಂದು ಗದರಿದ, ಅವಳ ಮುಖ ನೋಡಿ ಟಿಕೆಟ್ ಹರಿದು ಕೊಟ್ಟ. ಮನೆಗೆ ಹೋಗಿ ಅಮ್ಮನಿಗೆ ಚಪ್ಪಲಿ ಮೆಟ್ಟಿಕೋ ಎಂದಳು.

"ಎಲ್ಲಿಗೇ?"

"ಆಸ್ಪತ್ರೆಗೆ."

"ಅಲ್ಲಿ ನಮಗೇನಿದೆ ಈಗ? ಬೈತಾರೆ ಕಣೇ."

"ಬೈಲಿ. ಬಾ."

ಆಸ್ಪತ್ರೆಯಲ್ಲಿ ಹೊರರೋಗಿಗಳ ಹೊತ್ತು. ಮುಂಬಾಗಿಲಲ್ಲಿ ಹೋಗುವವರು, ಬರುವವರು. ಕಾವಲುಗಾರ ಅಮ್ಮನನ್ನು ಕಂಡು, "ಕೈ ಹೇಗಿದೆ ಅಕ್ಕ?" ಎಂದ. ಮಗಳು ಜನರನ್ನು ಪಕ್ಕದ ಸಾಮಾನ್ಯ ಬಾಗಿಲಿನಿಂದ ಹೋಗಲು ಹೇಳಿದಳು. ಸಲಕರಣೆಯ ಚೀಲ ಕಂಡು ರಿಪೇರಿಯವಳೆಂದುಕೊಂಡು ಎಲ್ಲರೂ ಹೇಳಿದಂತೆ ಕೇಳಿದರು. ಅಮ್ಮ ಕೂತು ಹಳಿ ಕೆರೆಯುತ್ತಿದ್ದ ಜಾಗದಲ್ಲಿ ಪೆಟ್ಟಿಗೆ ಇಟ್ಟಳು, ಕಪ್ಪು ಮೈ ಮೇಲೆ. ಅಮ್ಮನನ್ನು ಕೈಹಿಡಿದು ದೂರ ನಿಲ್ಲಿಸಿದಳು.

"ನೋಡು."

ಗಾಜು ಬಂತು. ಬಡಿಯಿತು. ಹಿಂದೆ ಹೋಯಿತು. ಮತ್ತೆ ಬಂತು, ಮತ್ತೆ ಬಡಿಯಿತು. ಔಷಧಿ ಚೀಟಿ ಹಿಡಿದ ಜನ ನಿಂತು ನೋಡತೊಡಗಿದರು. ಅಮ್ಮ ಕಣ್ಣು ಮಿಟುಕಿಸದೆ ನೋಡಿದಳು. ಪೆಟ್ಟಿಗೆಯ ಅಂಚು ಸೀಳಿ ಸಣ್ಣ ಚಕ್ಕೆಯೊಂದು ಹಾರಿತು.

"ಪೆಟ್ಟಿಗೇನೂ ಕಾಣ್ತಿಲ್ವಲ್ಲೇ ಅದಕ್ಕೆ" ಎಂದಳು ಮೆಲ್ಲಗೆ. "ಹಾಗಾದ್ರೆ ನಂದಲ್ಲ."

"ನಿಂದಲ್ಲ."

"ನಂದಲ್ಲ ಕಣೇ." ಎರಡು ತಿಂಗಳಿನಿಂದ ಎದೆಗೆ ಒತ್ತಿ ಹಿಡಿದಿದ್ದ ಕೈಯನ್ನು ಅಮ್ಮ ಕೆಳಗೆ ಬಿಟ್ಟಳು. ಅಳಲು ಶುರು ಮಾಡಿದವಳು ಅರ್ಧಕ್ಕೇ ನಿಲ್ಲಿಸಿದಳು. ಸದ್ದು ಕೇಳಿ ಮೇಲ್ವಿಚಾರಕ ಕಪ್ಪು ಕೋಟು ಎಳೆದುಕೊಳ್ಳುತ್ತ ಬರುತ್ತಿದ್ದ.

"ಏನು ನಾಟಕ ಇದು? ಯಾರು ಇಟ್ಟಿದ್ದು? ಎತ್ತಯ್ಯಾ ಅದನ್ನ" ಎಂದ ಕಾವಲುಗಾರನಿಗೆ.

ಕಾವಲುಗಾರ ಬಾಗಿಲು ನೋಡಿದ. "ನಾನು ಕೈ ಹಾಕಲ್ಲ ಸರ್" ಎಂದ.

"ಥೂ, ನಿಮ್ಮ ಯೋಗ್ಯತೆಗೆ." ಮೇಲ್ವಿಚಾರಕ ತಾನೇ ಮುಂದೆ ಬಂದ. ಅವನು ನಡೆದು ಬರುವುದನ್ನು ಕಂಡು ಬಾಗಿಲು ಪೂರ್ತಿ ತೆರೆದು ನಿಂತಿತು. ಕುಕ್ಕರಗಾಲಲ್ಲಿ ಕೂತ. ಪೆಟ್ಟಿಗೆ ಭಾರವಿತ್ತು, ಹಿಡಿಯಲು ಎಲ್ಲಿ ಎಂದು ತಡವಿದ. ಒಂದು ಕ್ಷಣ ಅಲುಗದೆ ಯೋಚಿಸಿದ. ಗಾಜು ಎರಡೂ ಕಡೆಯಿಂದ ಹೊರಟಿತು. ಅವನು ಕೈ ಸೆಳೆದುಕೊಂಡು, ಹಿಂದಕ್ಕೆ ಬಿದ್ದು, ನೆಲದ ಮೇಲೆ ಕೂತ.

ಅಮ್ಮ ಹೋಗಿ ಅವನೆದುರು ನಿಂತಳು. ಹತ್ತೊಂಬತ್ತು ವರ್ಷದಲ್ಲಿ ಅವನನ್ನು ಮೇಲಿನಿಂದ ನೋಡಿದ್ದು ಅದೇ ಮೊದಲು.

"ಬಾಗಿಲು ಸರಿ ಇದೆ ಅಂತ ನೀವೇ ಬರೆದಿದೀರಲ್ಲ ಸರ್," ಎಂದಳು. "ಮತ್ತೆ ಕೈ ಯಾಕೆ ಹಿಂದಕ್ಕೆ ತಗೊಂಡ್ರಿ?"